ಕಾಡು, ತೋಟ, ಜ್ವರ: ವೈರಾಣು ಸಂಶೋಧನೆಯ ವೃತ್ತಿ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವೈರಾಣುಗಳನ್ನೂ ಅವುಗಳನ್ನು ಹೊತ್ತು ತಿರುಗುವ ಸೊಳ್ಳೆ, ಉಣುಗುಗಳನ್ನೂ ಅಧ್ಯಯನ ಮಾಡುವುದು ನನ್ನ ಕೆಲಸ. ಊರು ದಕ್ಷಿಣ ಕೊಡಗು. ಹುತ್ತರಿಗೋ ಕೈಲ್‌ಪೊಳ್ದಿಗೋ ಮನೆಗೆ ಬಂದಾಗ ಕಾಲೇಜಿನ ಮೇಷ್ಟ್ರುಗಳು ಮಕ್ಕಳ ಜೊತೆ ಮಾತಾಡಲು ಕರೆಯುತ್ತಾರೆ. ಮದುವೆ ಮನೆಗಳಲ್ಲಿ ಬಂಧುಗಳು ಪಕ್ಕಕ್ಕೆ ಕರೆದು ಕೇಳುತ್ತಾರೆ. ಎಲ್ಲ ಕಡೆಯೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುವುದರಿಂದ ಉತ್ತರಗಳನ್ನು ಬರೆದಿಟ್ಟಿದ್ದೇನೆ.

ನೀವು ಡಾಕ್ಟರಾ? ಜ್ವರ ಬಂದರೆ ನಿಮ್ಮ ಹತ್ತಿರ ಬರಬಹುದಾ?

ಬೇಡ, ಆಸ್ಪತ್ರೆಗೇ ಹೋಗಿ. ನನ್ನ ಹೆಸರಿನ ಮುಂದಿರುವ ಡಾಕ್ಟರ್ ಪಿಎಚ್‌ಡಿಯದ್ದು. ರೋಗಿಯನ್ನು ನೋಡುವ ವೈದ್ಯರು ಈ ಜ್ವರ ಯಾವುದು, ಹೇಗೆ ಇಳಿಸಬೇಕು ಎಂದು ಯೋಚಿಸುತ್ತಾರೆ. ಈ ಜ್ವರ ಇವರವರೆಗೆ ಯಾವ ದಾರಿಯಲ್ಲಿ ಬಂತು ಎಂದು ನಾವು ಹುಡುಕುತ್ತೇವೆ. ಯಾವ ಪ್ರಾಣಿಯಲ್ಲಿತ್ತು, ಯಾವ ಕೀಟ ಹೊತ್ತು ತಂದಿತು, ಯಾವ ತಿಂಗಳಲ್ಲಿ, ಈ ಊರಿಗೇ ಯಾಕೆ, ಪಕ್ಕದ ಊರಿಗೆ ಯಾಕಿಲ್ಲ? ಅರ್ಧ ಉತ್ತರ ಲ್ಯಾಬಿನಲ್ಲಿ ಸಿಗುತ್ತದೆ. ಉಳಿದ ಅರ್ಧಕ್ಕೆ ಗದ್ದೆ, ತೋಟ, ಕಾಡು ಸುತ್ತಬೇಕು.

ಈ ಕೆಲಸಕ್ಕೆ ಏನು ಓದಬೇಕು?

ದಾರಿ ಒಂದೇ ಅಲ್ಲ. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ ಯಾವುದಾದರೂ ಆದೀತು. ಎಂಎಸ್ಸಿ ಆದ ಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್, ಐಸಿಎಂಆರ್ ಅಥವಾ ಡಿಬಿಟಿಯ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ವೇತನ) ಪರೀಕ್ಷೆ ಬರೆದು ಪಿಎಚ್‌ಡಿಗೆ ಸೇರಬಹುದು. ಸೊಳ್ಳೆ, ಉಣುಗುಗಳ ಮೇಲೆಯೇ ಮನಸ್ಸಿದ್ದರೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್‌ನಲ್ಲಿ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದ ಎಂಎಸ್ಸಿ ಇದೆ. ವೈರಾಣುಗಳ ಮೇಲೆ ಮನಸ್ಸಿದ್ದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿಯ ವೈರಾಲಜಿ ಎಂಎಸ್ಸಿ ನೋಡಿ. ಮನೆಯ ಹತ್ತಿರವೇ ಮಣಿಪಾಲದಲ್ಲಿ ವೈರಾಲಜಿ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ನರವೈರಾಣು ವಿಭಾಗವೂ ಭಾರತೀಯ ವಿಜ್ಞಾನ ಸಂಸ್ಥೆಯ ಸೋಂಕು ರೋಗಗಳ ಕೇಂದ್ರವೂ ಇವೆ.

ಎಂಬಿಬಿಎಸ್ ಮಾಡಿ ಮೈಕ್ರೋಬಯಾಲಜಿಯಲ್ಲಿ ಎಂಡಿ ಮಾಡಿದವರು, ಪಶುವೈದ್ಯ ಓದಿದವರು, ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿ ವನ್ಯಜೀವಿಗಳ ಕಡೆಯಿಂದ ಬಂದವರು, ಅಂಕಿಅಂಶ ಮತ್ತು ಕಂಪ್ಯೂಟರ್ ಕಡೆಯವರು, ಎಲ್ಲರಿಗೂ ಇಲ್ಲಿ ಜಾಗವಿದೆ. ಪಶುವೈದ್ಯ ಓದುವ ಮಕ್ಕಳಿಗೆ ನಾನು ವಿಶೇಷವಾಗಿ ಹೇಳುತ್ತೇನೆ, ಈ ಕ್ಷೇತ್ರಕ್ಕೆ ನೀವು ತುಂಬ ಬೇಕು. ನಮ್ಮ ರೋಗಗಳಲ್ಲಿ ಬಹುಪಾಲು ಪ್ರಾಣಿಗಳಲ್ಲಿ ಶುರುವಾಗಿ ನಮ್ಮ ಕಡೆ ದಾಟಿದವು.

ಕೊಡಗಿನ ಸಣ್ಣ ಊರಿನಿಂದ ಬಂದವರಿಗೆ ಇದೆಲ್ಲ ಆಗುವ ಮಾತಾ?

ಆಗುತ್ತದೆ. ಕೊಡಗಿನಲ್ಲಿ ಬೆಳೆದವರಿಗೆ ಮೊದಲೇ ಗೊತ್ತಿರುವ ಎಷ್ಟೋ ಸಂಗತಿಗಳನ್ನು ನಗರದಲ್ಲಿ ಬೆಳೆದವರು ಪಿಎಚ್‌ಡಿಯ ಎರಡನೇ ವರ್ಷದಲ್ಲಿ ಕಲಿಯುತ್ತಾರೆ. ಹೂಮಳೆ ಯಾವಾಗ, ಕಾಫಿ ಕೊಯ್ಲು ಯಾವಾಗ, ಜನ ಸೌದೆಗೆ ಕಾಡಿಗೆ ಹೋಗುವುದು ಯಾವ ತಿಂಗಳು, ದನ ಎಲ್ಲಿ ಮೇಯುತ್ತದೆ, ಮಂಗಗಳ ಹಿಂಡು ಯಾವ ಹೊತ್ತಿಗೆ ತೋಟಕ್ಕೆ ಇಳಿಯುತ್ತದೆ. ರೋಗ ಹರಡುವ ಲೆಕ್ಕಾಚಾರದಲ್ಲಿ ಇವೆಲ್ಲ ಮುಖ್ಯ.

ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು ಎಂಬುದನ್ನು ಶಾಲೆಯಲ್ಲಿ ಓದಿರುತ್ತೀರಿ. ಅದೇ ವರ್ಷ ಅದಕ್ಕೆ ಕೆಲವು ತಿಂಗಳ ಮುಂಚೆ ಊಟಿಗೆ ಹೋಗಿದ್ದಾಗ, ನೀಲಗಿರಿಯ ಸಿಗೂರು ಘಾಟಿಯ ಕಡೆ ಸೊಳ್ಳೆ ಹುಡುಕುತ್ತ ಅಲೆದ ಅವರಿಗೇ ಮಲೇರಿಯಾ ಬಂತು. ನಮ್ಮಂಥದ್ದೇ ಬೆಟ್ಟ, ನಮ್ಮಂಥದ್ದೇ ಘಾಟಿ. ದಕ್ಷಿಣದ ಈ ಬೆಟ್ಟಸಾಲು ಆಗಿನಿಂದಲೂ ಈ ವಿಜ್ಞಾನದ ನಡುಮನೆಯಲ್ಲೇ ಇದೆ.

ಮಂಗನ ಕಾಯಿಲೆ ಶಿವಮೊಗ್ಗದ್ದಲ್ಲವಾ? ನಮಗೇಕೆ ಅದರ ಚಿಂತೆ?

ಶುರುವಾಗಿದ್ದು ಅಲ್ಲಿಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ ಬಂತು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಭಯ ಹುಟ್ಟಿತು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಮಂಗಗಳಿಗೂ ಮನುಷ್ಯರಿಗೂ ಬರುವ ರೋಗ ಅದು. 1952ರಲ್ಲಿ ಪುಣೆಯಲ್ಲಿ ಶುರುವಾಗಿದ್ದ ವೈರಸ್ ರಿಸರ್ಚ್ ಸೆಂಟರ್ (ಇಂದಿನ ಎನ್‌ಐವಿ) ತಂಡ ಬಂದು ನೋಡಿದಾಗ, ಅದು ಜಗತ್ತಿಗೇ ಹೊಸ ವೈರಾಣು. ಹರಡುತ್ತಿದ್ದುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು.

ಈ ವೈರಾಣುವಿನ ಹತ್ತಿರದ ಬಂಧುಗಳು ದೂರದ ಸೈಬೀರಿಯಾದಲ್ಲಿದ್ದುದರಿಂದ ವಲಸೆ ಹಕ್ಕಿಗಳು ಇದನ್ನು ತಂದವೇನೋ ಎಂಬ ಅನುಮಾನವೂ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ಕೈಗೊಂಡಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಒಂದು ಜ್ವರದ ಬೆನ್ನು ಹತ್ತಿದವರಿಂದ ಹಕ್ಕಿಗಳ ಬಗ್ಗೆ ನಾವು ಎಷ್ಟೊಂದು ಕಲಿತೆವು! ಈ ಕ್ಷೇತ್ರ ನನಗೆ ಹಿಡಿಸುವುದೇ ಇದಕ್ಕೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸುಮಾರು ಐವತ್ತು ವರ್ಷ ಈ ಕಾಯಿಲೆ ಶಿವಮೊಗ್ಗ ಮತ್ತು ಅದರ ಅಕ್ಕಪಕ್ಕದ ಜಿಲ್ಲೆಗಳಲ್ಲೇ ಇತ್ತು. 2012ರ ಕೊನೆಯಲ್ಲಿ ಚಾಮರಾಜನಗರದ ಬಂಡೀಪುರ ಕಡೆ ಕಾಣಿಸಿತು. ಸತ್ತ ಮಂಗಗಳ ವಿಲೇವಾರಿ ಮಾಡಿದ ಕಾಡಿನ ಸಿಬ್ಬಂದಿಗೇ ಜ್ವರ ಬಂತು. 2013ರಲ್ಲಿ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಕುಟ್ಟದಿಂದ ವಯನಾಡಿಗೆ ಹೋಗಲು ಎಷ್ಟು ಹೊತ್ತು ಬೇಕು, ನಾಗರಹೊಳೆಯ ಕಾಡು ಬಂಡೀಪುರಕ್ಕೆ ಹೇಗೆ ಕೂಡಿಕೊಂಡಿದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಕಾಡಿಗೆ ಜಿಲ್ಲೆಯ ಗಡಿ ತಿಳಿಯದು.

ಈ ರೋಗ ಕಾಣಿಸುವುದು ಬಹುತೇಕ ನವೆಂಬರ್ ಕೊನೆಯಿಂದ ಮೇ ತನಕ. ಮಳೆ ನಿಂತ ಮೇಲೆ ಉಣುಗಿನ ಮರಿಗಳು ಹೊರಬಂದು, ಬೇಸಿಗೆಯತ್ತ ಹೋದಂತೆ ನಿಂಫ್ ಎಂಬ ನಡುವಿನ ಹಂತಕ್ಕೆ ಬರುತ್ತವೆ. ಸಾಸಿವೆಗಿಂತ ದೊಡ್ಡದಲ್ಲದ ಈ ನಿಂಫ್‌ಗಳೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು. ಕೊಡಗಿನ ವರ್ಷವನ್ನು ಇದರ ಪಕ್ಕ ಇಟ್ಟು ನೋಡಿ. ಕಾಫಿ ಕೊಯ್ಲು, ಅದರ ಹಿಂದೆಯೇ ಕರಿಮೆಣಸಿನ ಕೊಯ್ಲು, ಸೌದೆ, ತರಗೆಲೆ ತರುವುದು, ಎಲ್ಲ ಇದೇ ತಿಂಗಳುಗಳಲ್ಲಿ. ಲೈನ್‌ಮನೆಗಳಲ್ಲಿರುವ ಕೂಲಿಯವರು, ಹಾಡಿಗಳಲ್ಲಿರುವ ಜೇನುಕುರುಬರು, ಎರವರು ಕಾಡಂಚಿನಲ್ಲಿ ಹೆಚ್ಚು ಓಡಾಡುವುದೂ ಆಗಲೇ. ಹೆದರಿಸಲು ಹೇಳುತ್ತಿಲ್ಲ. ಕಣ್ಣಿಡಬೇಕಾದ ತಿಂಗಳುಗಳು ಯಾವುವು ಎಂಬುದು ನಮಗೆ ಮೊದಲೇ ಗೊತ್ತಿದೆ, ಅಷ್ಟರಮಟ್ಟಿಗೆ ಇದು ನಮಗೆ ಅನುಕೂಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಕೀಟಗಳಿಂದ ಹರಡುವ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಲೇರಿಯಾ, ಡೆಂಗಿ, ಚಿಕುನ್‌ಗುನ್ಯಾ, ಮೆದುಳು ಜ್ವರ, ಆನೆಕಾಲು ರೋಗ, ಕಾಲಾ ಅಜಾರ್ ಎಂಬ ಆರು ರೋಗಗಳಿವೆ. ಮಂಗನ ಕಾಯಿಲೆ ಆ ಆರರಲ್ಲಿಲ್ಲ. ಪಶ್ಚಿಮ ಘಟ್ಟದ ಬಡವರ ಕಾಯಿಲೆಯಾದ್ದರಿಂದ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಅಧ್ಯಯನ ಮಾಡುವವರು ಈ ಘಟ್ಟದ ಮಕ್ಕಳೇ ಆಗಬೇಕೆಂದು ನಾನು ಆಸೆಪಡುವುದೂ ಇದೇ ಕಾರಣಕ್ಕೆ.

ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಏನು ಮಾಡಬೇಕು?

ಮುಟ್ಟಬೇಡಿ, ಹೂಳಬೇಡಿ, ಸುಡಬೇಡಿ, ನಾಯಿಯನ್ನೂ ಹತ್ತಿರ ಬಿಡಬೇಡಿ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಅಲ್ಲಿಯೇ ಸುತ್ತಮುತ್ತ ತರಗೆಲೆಯಲ್ಲಿ ಕಾಯುತ್ತವೆ. ಹಾಗಾಗಿ ಆ ಜಾಗಕ್ಕೇ ಯಾರೂ ಹೋಗದಂತೆ ತೋಟದ ಮೇಲ್ವಿಚಾರಣೆಯ ರೈಟರ್‌ಗೆ, ಕೆಲಸದವರಿಗೆ ಹೇಳಿ, ಅರಣ್ಯ ಇಲಾಖೆಗೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅಂದೇ ತಿಳಿಸಿ. ಎಲ್ಲ ಮಂಗಗಳೂ ಈ ಕಾಯಿಲೆಯಿಂದಲೇ ಸಾಯುವುದಿಲ್ಲ, ಕರೆಂಟು ತಗುಲಿಯೂ ಸಾಯುತ್ತವೆ. ಅದನ್ನು ಪರೀಕ್ಷೆ ಹೇಳಬೇಕು. ಮಂಗಗಳನ್ನು ಓಡಿಸುವುದರಿಂದಲೋ ಕೊಲ್ಲುವುದರಿಂದಲೋ ಏನೂ ಪ್ರಯೋಜನವಿಲ್ಲ. ಅವು ನಮಗಿಂತ ಮೊದಲು ಈ ರೋಗಕ್ಕೆ ಬಲಿಯಾಗಿ ನಮಗೆ ಸೂಚನೆ ಕೊಡುವ ಪ್ರಾಣಿಗಳು.

ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ಮುರಿಯುವ ನೋವು ಬಂದು, ಹಿಂದಿನ ವಾರ ಕಾಡಿಗೆ ಹೋಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ಆಗುತ್ತದೆ.

ಕಾಡಿನಲ್ಲಿ ನಿಮ್ಮ ಕೆಲಸ ಹೇಗಿರುತ್ತದೆ?

ಉಣುಗು ಹಿಡಿಯುವುದಕ್ಕೆ ದೊಡ್ಡ ಯಂತ್ರವೇನಿಲ್ಲ. ಒರಟಾದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ನಿಧಾನವಾಗಿ ಎಳೆಯುತ್ತ ಹೋಗುತ್ತೇವೆ. ಪ್ರಾಣಿ ಬಂತೆಂದುಕೊಂಡು ಉಣುಗುಗಳು ಬಟ್ಟೆ ಹತ್ತುತ್ತವೆ. ಅವನ್ನು ಚಿಮಟದಿಂದ ಎತ್ತಿ ಸೀಸೆಗೆ ಹಾಕಿ, ಜಾಗ, ದಿನ, ಹೊತ್ತು, ಮರಗಳ ನೆರಳು ಎಲ್ಲ ಬರೆದುಕೊಳ್ಳಬೇಕು. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು, ಮೈಗೆ ಉಣುಗು ಹತ್ತದ ಎಣ್ಣೆ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸುವುದು. ತೋಟದಲ್ಲಿ ಕೆಲಸ ಮಾಡುವವರಿಗೂ ಇದನ್ನೇ ಹೇಳುತ್ತೇನೆ.

ಸೊಳ್ಳೆಯಾದರೆ ಬೆಳಕಿನ ಬಲೆ, ಬಾಯಿಂದ ಎಳೆಯುವ ಕೊಳವೆ, ಮೊಟ್ಟೆ ಇಡಲು ಕಪ್ಪು ಪಾತ್ರೆ. ಹಿಡಿದದ್ದನ್ನು ಜಾತಿವಾರು ವಿಂಗಡಿಸಿ, ಒಂದೇ ಜಾತಿಯವನ್ನು ಗುಂಪುಗುಂಪಾಗಿ ಅರೆದು, ವೈರಾಣು ಇದೆಯೇ ಎಂದು ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುತ್ತೇವೆ. ಅಷ್ಟರವರೆಗೆ ಶೀತ ಕೆಡಬಾರದು. ಕರೆಂಟು ಹೋದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಯಾಕೆಂದರೆ ವೈರಾಣುವಿನ ಆರ್‌ಎನ್‌ಎ ಬೆಚ್ಚಗಾದರೆ ಬೇಗ ಹಾಳಾಗುತ್ತದೆ. ಸಂರಕ್ಷಿತ ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಜನರ ರಕ್ತ ಮಾದರಿ ತೆಗೆಯಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇವಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕಾಗದದ ಕೆಲಸ ಬೇಸರವೆನ್ನುವವರು ಮೊದಲೇ ಯೋಚಿಸಿ.

ಲ್ಯಾಬಿನಲ್ಲಿ ನಿಮಗೇ ಸೋಂಕು ತಗುಲಿದರೆ?

ಅಪಾಯ ಇಲ್ಲವೆಂದು ಹೇಳಲಾರೆ. ಮಂಗನ ಕಾಯಿಲೆಯ ಸಂಶೋಧನೆಯ ಆರಂಭದ ವರ್ಷಗಳಲ್ಲಿ ಲ್ಯಾಬಿನಲ್ಲಿ ದುಡಿದ ಹಲವರಿಗೆ ಸೋಂಕು ತಗುಲಿತ್ತು. ಈಗಿನ ಲ್ಯಾಬುಗಳು ಸುರಕ್ಷತೆಯ ಹಂತಗಳ ಪ್ರಕಾರ ಕಟ್ಟಿದವು. ಡೆಂಗಿಯಂಥದ್ದು ಒಂದು ಹಂತದಲ್ಲಿ, ಮಂಗನ ಕಾಯಿಲೆಯ ಜೀವಂತ ವೈರಾಣು ಅದಕ್ಕಿಂತ ಬಿಗಿಯಾದ ಹಂತದಲ್ಲಿ. ನಿಪಾದಂಥದ್ದಕ್ಕೆ ಪುಣೆಯ ಎನ್‌ಐವಿಯಲ್ಲಿರುವ ನಾಲ್ಕನೇ ಹಂತದ ಲ್ಯಾಬ್ ಬೇಕು. ತರಬೇತಿ ಮುಗಿಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ನನ್ನ ತಾಯಿಗೂ ಇಷ್ಟನ್ನೇ ಹೇಳಿ ಸಮಾಧಾನ ಮಾಡಿದ್ದೇನೆ.

ಕಾಫಿ ತೋಟದಲ್ಲಿ ಡೆಂಗಿ, ಚಿಕುನ್‌ಗುನ್ಯಾ ಹೇಗೆ ಬರುತ್ತವೆ? ಅದು ಪೇಟೆಯ ರೋಗವಲ್ಲವಾ?

ಪೇಟೆಯಲ್ಲಿ ಈಡಿಸ್ ಈಜಿಪ್ಟೈ ಸೊಳ್ಳೆ, ಮನೆಯೊಳಗಿನ ಡ್ರಮ್ಮು, ತೊಟ್ಟಿಗಳಲ್ಲಿ. ತೋಟದಲ್ಲಿ ಅದರ ಬಂಧು ಈಡಿಸ್ ಅಲ್ಬೊಪಿಕ್ಟಸ್. ನೆರಳು, ಗಿಡಗಂಟಿ ಅದಕ್ಕೆ ಇಷ್ಟ. ಮರದ ಪೊಟರೆ, ಕಡಿದ ಬಿದಿರಿನ ಬುಡ, ಬಿದ್ದ ಅಡಿಕೆ ಹಾಳೆ, ಟಾರ್ಪಾಲಿನ ಮಡಿಕೆ, ಎಸೆದ ಬಕೆಟ್ಟು, ಎಲ್ಲಿ ಮಳೆನೀರು ನಿಂತರೂ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಕಚ್ಚುವುದೂ ಹಗಲಲ್ಲಿ, ಜನ ಕೆಲಸದಲ್ಲಿರುವ ಹೊತ್ತಿನಲ್ಲಿ.

ಚಿಕುನ್‌ಗುನ್ಯಾ 2006ರಲ್ಲಿ ಕರ್ನಾಟಕವನ್ನು ಹೇಗೆ ಹಿಂಡಿತೆಂದು ದೊಡ್ಡವರಿಗೆ ನೆನಪಿರುತ್ತದೆ. ಆ ಅಲೆಯ ಹೊತ್ತಿನಲ್ಲಿ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ ವಿಜ್ಞಾನಿಗಳು ಒಂದು ಬದಲಾವಣೆ ಗುರುತಿಸಿದರು. ವೈರಾಣುವಿನ ಇ1 ಎಂಬ ಪ್ರೋಟೀನಿನ 226ನೇ ಸ್ಥಾನದಲ್ಲಿ ಅಲನೀನ್ ಎಂಬ ಅಮೈನೋ ಆಮ್ಲ ಇದ್ದ ಕಡೆ ವ್ಯಾಲೀನ್ ಎಂಬ ಇನ್ನೊಂದು ಬಂದಿತ್ತು. ಇಷ್ಟೇ ಬದಲಾವಣೆಯಿಂದ ಅಲ್ಬೊಪಿಕ್ಟಸ್ ಸೊಳ್ಳೆಯೊಳಗೆ ಆ ವೈರಾಣು ಚೆನ್ನಾಗಿ ಬೆಳೆಯತೊಡಗಿತು. 2007ರಲ್ಲಿ ಕೇರಳದ ಮಾದರಿಗಳಲ್ಲೂ ಅದೇ ಬದಲಾವಣೆ ಸಿಕ್ಕಿತು. ರಬ್ಬರ್ ತೋಟಗಳ, ಅಲ್ಬೊಪಿಕ್ಟಸ್ ತುಂಬಿದ ನಾಡು ಅದು. ಸಾವಿರಾರು ಅಕ್ಷರಗಳ ಒಂದು ಗ್ರಂಥದಲ್ಲಿ ಒಂದೇ ಅಕ್ಷರ ಬದಲಾಗಿ ರೋಗ ಪೇಟೆಯಿಂದ ತೋಟಕ್ಕೆ ದಾರಿ ಕಂಡುಕೊಂಡಂತೆ. ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು. ಈಗಲೂ ತರಗತಿಯಲ್ಲಿ ಇದನ್ನು ಹೇಳುವಾಗ ದನಿ ತಾನಾಗಿ ಏರುತ್ತದೆ.

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ನೀರು ನಿಲ್ಲದಂತೆ ನೋಡಿಕೊಳ್ಳುವುದು ಈಗ ಕಾನೂನಿನ ಹೊಣೆ ಕೂಡ, ತೋಟದ ಮಾಲೀಕರು ಗಮನಿಸಿ. ಡೆಂಗಿ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುವ ಅಪಾಯವಿದೆ.

ಮನೆಯಲ್ಲಿ ಹಂದಿ ಸಾಕಿದ್ದೇವೆ. ಮೆದುಳು ಜ್ವರ ಬರುತ್ತದೆಂದು ಯಾರೋ ಹೇಳಿದರು.

ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದ ವೈರಾಣು ಬೆಳ್ಳಕ್ಕಿ, ಕೊಕ್ಕರೆಗಳಲ್ಲಿ ಇರುತ್ತದೆ, ಹಂದಿಯಲ್ಲಿ ಬೇಗ ಹೆಚ್ಚುತ್ತದೆ. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮನುಷ್ಯರಿಗೆ ದಾಟಿಸುತ್ತದೆ. ಮನುಷ್ಯನಿಂದ ಅದು ಮುಂದೆ ಹೋಗುವುದಿಲ್ಲ. ಬೇಯಿಸಿದ ಪಂದಿಕರಿ ತಿನ್ನುವುದರಿಂದ ಈ ರೋಗ ಬರುವುದಿಲ್ಲ, ನಿಶ್ಚಿಂತೆಯಾಗಿರಿ. ಹಂದಿಗೂಡನ್ನು ಮಲಗುವ ಕೋಣೆಯಿಂದ ದೂರವಿಡಿ, ಸಂಜೆಯ ನಂತರ ಮಕ್ಕಳಿಗೆ ಸೊಳ್ಳೆಪರದೆ ಕಟ್ಟಿ.

ನಿಪಾ ಕೂಡ ಸೊಳ್ಳೆಯಿಂದ ಬರುತ್ತದಾ?

ಇಲ್ಲ. ಅದು ಹಣ್ಣು ತಿನ್ನುವ ಬಾವಲಿಗಳಿಂದ ಬರುವುದು, ನಂತರ ರೋಗಿಯ ಹತ್ತಿರದ ಸಂಪರ್ಕದಿಂದ ಹರಡಬಹುದು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನಲ್ಲಿ ಕಾಣಿಸಿದಾಗ ಮಣಿಪಾಲದ ಲ್ಯಾಬ್ ಅದನ್ನು ಬೇಗ ಗುರುತಿಸಿತು. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ಬಾವಲಿಗಳ ಮರ ಮಾತ್ರ ಕಡಿಯಬೇಡಿ.

ಸಂಬಳ ಎಷ್ಟು? ಕೆಲಸ ಖಾಯಂ ಆಗುತ್ತದಾ?

ತಂದೆತಾಯಿಯರು ಕೇಳಲೇಬೇಕಾದ ಪ್ರಶ್ನೆ ಇದು. ಜೆಆರ್‌ಎಫ್ ಪಾಸಾದರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 (2023ರ ಜನವರಿಯಿಂದ ಬಂದ ದರ ಇದು), ಜೊತೆಗೆ ಮನೆಬಾಡಿಗೆ ಭತ್ಯೆ. ಪಿಎಚ್‌ಡಿಗೆ ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ಪೋಸ್ಟ್‌ಡಾಕ್ ಎಂದು, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸದಲ್ಲಿ, ಇನ್ನೂ ಕೆಲವು ವರ್ಷ, ಹಲವರು ಹೊರದೇಶದಲ್ಲಿ. ಖಾಯಂ ವಿಜ್ಞಾನಿ ಹುದ್ದೆ ಸಿಗುವಾಗ ವಯಸ್ಸು ಮೂವತ್ತು ದಾಟಿರುತ್ತದೆ. ಎಲ್ಲರಿಗೂ ಸಿಗುವುದೂ ಇಲ್ಲ. ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಗುತ್ತಿಗೆಯ ಮೇಲೆ ದುಡಿಯುವ ಪ್ರತಿಭಾವಂತರು ಎಷ್ಟೋ ಜನ. ಅನುಭವಿ ಕೀಟಶಾಸ್ತ್ರಜ್ಞರ ಕೊರತೆ ಇಷ್ಟೊಂದು ಇರುವಾಗ ಅವರನ್ನು ಹೀಗೆ ನಡೆಸಿಕೊಳ್ಳುವುದು ಸರಿಯಲ್ಲ, ಇದನ್ನು ನಾನು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇನೆ. ಲಸಿಕೆ ಕಂಪನಿಗಳು, ಪರೀಕ್ಷಾ ಕಿಟ್ ತಯಾರಿಸುವವರು, ಜಿಲ್ಲಾ ಆರೋಗ್ಯ ಇಲಾಖೆಗಳು, ಕಾಲೇಜುಗಳು, ಇಲ್ಲೆಲ್ಲ ಬೇರೆ ದಾರಿಗಳಿವೆ.

ಹೆಣ್ಣುಮಕ್ಕಳು ಕಾಡು ಸುತ್ತುವುದು ಕಷ್ಟವಲ್ಲವಾ?

ನಮ್ಮ ತೋಟಗಳಲ್ಲಿ ಚಳಿ, ಇಬ್ಬನಿ, ಜಿಗಣೆಗಳ ನಡುವೆ ದಿನವಿಡೀ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮಂಗನ ಕಾಯಿಲೆಯ ಮೇಲೆ ದುಡಿದ ಖೋರ್ಶೆದ್ ಪಾವ್ರಿ ಮುಂದೆ ಎನ್‌ಐವಿಯ ಮೊದಲ ಮಹಿಳಾ ನಿರ್ದೇಶಕಿಯಾದರು. ಶೌಚಾಲಯ, ರಾತ್ರಿ ಉಳಿಯುವ ಜಾಗ, ಜೊತೆಗೊಬ್ಬರು ಇರುವುದು, ಇವನ್ನು ಸಂಸ್ಥೆಗಳು ಒದಗಿಸಬೇಕು. ಕೇಳಿ ಪಡೆಯಲು ಸಂಕೋಚ ಬೇಡ.

ಇಷ್ಟು ವರ್ಷ ದುಡಿದು ಕೊನೆಗೆ ಏನು ಸಿಗುತ್ತದೆ?

ಕೋಲಾರದ ಕಥೆ ಕೇಳಿ. 1980ರ ದಶಕದ ಆರಂಭದಲ್ಲಿ ಅಲ್ಲಿ ಮೆದುಳು ಜ್ವರ ಬಂದಾಗ ಒಬ್ಬ ರೋಗಿಯಿಂದ ಎನ್‌ಐವಿಯವರು ವೈರಾಣುವನ್ನು ಬೇರ್ಪಡಿಸಿ ಜೋಪಾನವಾಗಿಟ್ಟರು. ಅದೇ ತಳಿಯಿಂದ ತಯಾರಾದ ದೇಶೀ ಲಸಿಕೆ ಜೆನ್‌ವ್ಯಾಕ್ 2013ರಲ್ಲಿ ಹೊರಬಂತು. ನಡುವೆ ಮೂವತ್ತು ವರ್ಷ. ಆ ಮಾದರಿಗೆ ಚೀಟಿ ಅಂಟಿಸಿದವರು, ಫ್ರೀಜರ್ ಕಾಯ್ದವರು, ಅದರ ಗುಣ ಪರೀಕ್ಷಿಸಿದವರು, ಎಷ್ಟೋ ಜನರ ಹೆಸರು ಹೊರಗೆ ಯಾರಿಗೂ ಗೊತ್ತಿಲ್ಲ.

ಮಂಗನ ಕಾಯಿಲೆಯದ್ದು ಇನ್ನೂ ಮುಗಿಯದ ಕೆಲಸ. ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ತಿಳಿದು ಅದರ ಬಳಕೆ ನಿಂತಿದೆ. ಹೊಸ ಲಸಿಕೆಗೆ ಪ್ರಯತ್ನ ನಡೆದಿದೆ. ಈ ರೋಗಕ್ಕೆಂದೇ ಇರುವ ಔಷಧಿಯೂ ಇಲ್ಲ. ಇವತ್ತು ಪಿಯುಸಿ ಓದುತ್ತಿರುವವರ ಕೈಗೆ ಈ ಕೆಲಸ ಬರಬಹುದು.

ಪಿ. ಕೆ. ರಾಜಗೋಪಾಲನ್ ಎಂಬ ಕೀಟಶಾಸ್ತ್ರಜ್ಞರು ತರುಣರಾಗಿದ್ದಾಗ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿದ್ದ ಕ್ಷೇತ್ರ ಕೇಂದ್ರಕ್ಕೆ ಬಂದು ವರ್ಷಗಟ್ಟಲೆ ಅಲ್ಲಿಯೇ ಉಳಿದು ಉಣುಗುಗಳ ಜೀವನಚಕ್ರ ಬಿಡಿಸಿದರು. ಮುಂದೆ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್‌ನ ನಿರ್ದೇಶಕರಾದರು. ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ಸಾರ ಅದೇ, ಒಂದು ನೆಲದಲ್ಲಿ ಸಾಕಷ್ಟು ಕಾಲ ನಿಲ್ಲುವುದು. ರೋಗ ಬಂದಾಗ ಓಡಿಬಂದು ಮಾದರಿ ತೆಗೆದು ಹೋದರೆ ಆ ವರ್ಷದ ಉತ್ತರ ಸಿಗುತ್ತದೆ. ರೋಗವಿಲ್ಲದ ವರ್ಷಗಳಲ್ಲಿ ಕಾಡು ಹೇಗಿತ್ತು ಎಂದು ತಿಳಿದವರಿಗೆ ಮಾತ್ರ ಬಂದ ವರ್ಷ ಏನು ಬದಲಾಯಿತು ಎಂದು ಹೇಳಲಾದೀತು.

ಓದಿ ಮುಗಿಸಿ ಕೊಡಗಿಗೆ ವಾಪಸ್ ಬಂದು ಕೆಲಸ ಮಾಡಬಹುದಾ?

ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ. ಈ ನಾಲ್ಕು ಕಡೆಯವರು ಕೂತು ಮಾತಾಡಿದರೆ ತೋಟ, ಕಾಡು, ಆರೋಗ್ಯ ಮೂರನ್ನೂ ಒಟ್ಟಿಗೆ ನೋಡುವ ಒಂದು ಸಣ್ಣ ಕ್ಷೇತ್ರ ಕೇಂದ್ರ ಇಲ್ಲಿಯೇ ಆಗಬಹುದೆಂದು ನಾನು ನಂಬಿದ್ದೇನೆ. ಸದ್ಯಕ್ಕೆ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಹುದ್ದೆ ಇಟ್ಟುಕೊಂಡು ಕ್ಷೇತ್ರಕಾರ್ಯಕ್ಕೆ ಕೊಡಗನ್ನು ಆರಿಸಿಕೊಳ್ಳುವುದು ಸುಲಭದ ದಾರಿ. ನಾನೂ ಹಾಗೆಯೇ ಮಾಡಿದ್ದೇನೆ.

ಇನ್ನೂ ಡಿಗ್ರಿ ಓದುತ್ತಿದ್ದೇನೆ. ಈಗಲೇ ಏನಾದರೂ ಶುರುಮಾಡಬಹುದಾ?

ಒಂದು ಹಳೆಯ ಡಬ್ಬಕ್ಕೆ ಕಪ್ಪು ಬಣ್ಣ ಬಳಿದು, ಅರ್ಧ ನೀರು ತುಂಬಿ, ಒಳಗೆ ಒಂದು ಒರಟು ಬಟ್ಟೆಯ ಪಟ್ಟಿ ನಿಲ್ಲಿಸಿ ನೆರಳಿನಲ್ಲಿಡಿ. ಈಡಿಸ್ ಸೊಳ್ಳೆಗಳು ನೀರಿನ ಅಂಚಿನ ಬಟ್ಟೆಯ ಮೇಲೆ ಕಪ್ಪು ಚುಕ್ಕಿಗಳಂತೆ ಮೊಟ್ಟೆ ಇಡುತ್ತವೆ. ವಾರಕ್ಕೊಮ್ಮೆ ಭೂತಗನ್ನಡಿಯಲ್ಲಿ ಎಣಿಸಿ, ಆ ವಾರದ ಮಳೆಯ ಅಳತೆಯ ಜೊತೆ ಬರೆದಿಡಿ. ಮಳೆಯ ಲೆಕ್ಕ ನಿಮಗೆ ಕಷ್ಟವಾಗದು, ಕೊಡಗಿನ ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಮಳೆ ಅಳೆದ ಪುಸ್ತಕಗಳಿವೆ. ಮನೆಯ ಹತ್ತಿರ ಒಂದು, ತೋಟದೊಳಗೆ ಒಂದು ಇಟ್ಟರೆ ಹೋಲಿಸಲೂ ಆಗುತ್ತದೆ. ಎಣಿಸಿದ ಮೇಲೆ ಪ್ರತಿ ವಾರ ನೀರನ್ನು ತಪ್ಪದೆ ಒಣನೆಲಕ್ಕೆ ಚೆಲ್ಲಿ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಡಬ್ಬದ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಇಲ್ಲದಿದ್ದರೆ ನೀವೇ ಸೊಳ್ಳೆ ಸಾಕಿದಂತಾಗುತ್ತದೆ. ಊರಿಗೆ ಹೋಗುವುದಿದ್ದರೆ ಡಬ್ಬವನ್ನು ಬರಿದು ಮಾಡಿ ಬೋರಲು ಹಾಕಿಯೇ ಹೊರಡಿ.